ಧಾರೆಗೆ ಕೂರಲೊಲ್ಲದ ಭಾವನವರು

ಒಣಶುಂಠಿ, ಮೆಣಸು, ಬೆಲ್ಲ ಕುದಿಯುವ ವಾಸನೆ ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಹಾಯ್ದು ಬಂತು. ಇಲ್ಲಿಯವರು ಇದಕ್ಕೆ ಚುಕ್ಕು ಕಾಪಿ ಅನ್ನುತ್ತಾರೆ. ನನ್ನ ಹೆಂಡತಿ ವಸಂತ ಮೈಸೂರಿನವಳು. ಆದರೆ ಈ ಮಲಯಾಳ ಸೀಮೆಯ ತ್ರಿಪ್ಪುಣಿತ್ತುರದಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ತವರಿನ ಕಷಾಯವನ್ನು ಬಿಟ್ಟು ಇದನ್ನೇ ಹಿಡಿದಿದ್ದಾಳೆ. ಈ ಮಳೆಗಾಲದಲ್ಲಿ ಕೆಮ್ಮು ನನ್ನನ್ನು ಹುಡುಕಿಕೊಂಡು ಬಂದು, ಕರೆಯದ ನೆಂಟನ ಹಾಗೆ ಠಿಕಾಣಿ ಹೂಡಿದೆ. ನಿಮಗೂ ನನ್ನಷ್ಟೇ ವಯಸ್ಸಾಗಿದ್ದರೆ ಗೊತ್ತಿರುತ್ತದೆ, ಮುದುಕನ ಕೆಮ್ಮು ಗಂಟಲಲ್ಲಿ ಶುರುವಾದರೂ ಗಂಟಲಲ್ಲೇ ಮುಗಿಯುವುದಿಲ್ಲ. ಗೊತ್ತಿಲ್ಲದವರಿಗೆ ನಮ್ಮ ಭಾವನವರ ವಿಷಯ ಹೇಳುತ್ತೇನೆ.

ಭಾವನವರು ಅಂದರೆ ನನ್ನ ಅಕ್ಕನ ಗಂಡ. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಅವರ ನಗು ನಮ್ಮ ಬಳಗದಲ್ಲಿ ಪ್ರಸಿದ್ಧ. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನನ್ನ ಸಾಧಾರಣ ಜೋಕುಗಳಿಗೂ ಹಾಗೆ ನಕ್ಕು ನನ್ನನ್ನು ದೊಡ್ಡ ಹಾಸ್ಯಗಾರನೆಂಬ ಭ್ರಮೆಯಲ್ಲಿ ಇಟ್ಟಿದ್ದರು. ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಆ ನಗು ನಿಂತುಹೋಯಿತು. ಮದುವೆ ಮುಂಜಿಗಳಿಗೆ ಬರುವುದನ್ನು ಬಿಟ್ಟರು. ಬಂದರೂ ಬಾಗಿಲ ಹತ್ತಿರ ಕೂತು, ನೀರು ಸಹ ಕುಡಿಯದೆ ಎದ್ದು ಹೋಗುತ್ತಿದ್ದರು. ವಯಸ್ಸಾಯಿತು, ಬಿಗುಮಾನ ಬಂತು ಎಂದುಕೊಂಡೆವು.

ಅಷ್ಟರಲ್ಲಿ ಅವರ ಮಗಳು ಶಾಲಿನಿಗೆ ಮದುವೆ ನಿಶ್ಚಯವಾಯಿತು. ಹುಡುಗ ಮಲಯಾಳಿ, ತ್ರಿಪ್ಪುಣಿತ್ತುರದವನೇ. ಅವಳೇ ಮೆಚ್ಚಿದವನು. ಭಾವನವರು ಒಪ್ಪಿದರು, ಎಲ್ಲ ಏರ್ಪಾಡನ್ನೂ ಮಾಡಿದರು. ಕೊನೆಗೆ, "ಧಾರೆಗೆ ನಾನು ಕೂರಲ್ಲ. ಸೋದರಮಾವ, ಅತ್ತೆ ಕೂತು ಮಾಡಿಕೊಡಲಿ" ಎಂದುಬಿಟ್ಟರು.

ಶಾಲಿನಿ ನನಗೆ ಫೋನು ಮಾಡಿ ಅತ್ತಳು. ತಿರುವನಂತಪುರದಲ್ಲೇ ಬೆಳೆದ ಹುಡುಗಿ. ಅವಳ ಅಳುವಿನಲ್ಲಿ ಎರಡು ಭಾಷೆಯೂ ಇತ್ತು; 'ಬೇಡ' ಅನ್ನುವುದು ಮಾತ್ರ ಮಲಯಾಳದಲ್ಲೇ ಬರುತ್ತಿತ್ತು. "ವೇಂಡ ಮಾಮ, ಬಲವಂತ ಮಾಡೋದು ವೇಂಡ. ಅಪ್ಪನಿಗೆ ಇವನು ಇಷ್ಟ ಇಲ್ಲ ಅಂದ್ರೆ ನನಗೆ ಈ ಮದುವೆನೇ ವೇಂಡ."

ನಾನು ಸಂಧಾನಕ್ಕೆ ಹೊರಟೆ. ಸಂಧಾನಕ್ಕೆ ಹೋಗುವುದೆಂದರೆ ನನಗೆ ಮೊದಲಿಂದಲೂ ಹುಮ್ಮಸ್ಸು; ಫಲ ಸಿಕ್ಕಿದ್ದು ಮಾತ್ರ ಅಪರೂಪ. ಅವರ ಮನೆಯಲ್ಲಿ ಇಡೀ ಬೆಳಿಗ್ಗೆ ಕೂತು ಮಾತಾಡಿದರೂ ಭಾವನವರು "ನೋಡೋಣ" ಎಂಬ ಒಂದೇ ಮಾತಿನಲ್ಲಿ ತೇಲಿಸಿದರು. ಮಧ್ಯಾಹ್ನ ನನ್ನನ್ನು ರೈಲು ಹತ್ತಿಸಲು ತಂಪಾನೂರ್ ಸ್ಟೇಷನ್ನಿಗೆ ಬಂದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ನನ್ನ ತಾಳ್ಮೆ ಮುಗಿಯಿತು.

"ಹುಡುಗ ಮಲಯಾಳಿ ಅಂತ ತಾನೇ ಭಾವ ನಿಮ್ಮ ಸಿಟ್ಟು? ನಲವತ್ತು ವರ್ಷ ಇವರ ಜೊತೆ ಮರಗೆಣಸು ಮೀನಿನ ವಾಸನೇಲಿ ಊಟ ಮಾಡಿದೋರು, ಈಗ ನಿಮಗೆ ಜಾತಿ ನೆನಪಾಯ್ತಾ?"

ಭಾವನವರು ನನ್ನನ್ನು ನೋಡಿದರು. ಆಮೇಲೆ, ಎಷ್ಟೋ ತಿಂಗಳಿಂದ ನಗದಿದ್ದವರು, ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಬಿಡಲೇ ಇಲ್ಲ. ಬೆಂಚಿನ ಅಂಚು ಹಿಡಿದು, ಕಾಲಿಗೆ ಕಾಲು ಹೆಣೆದು, ಮುಖ ಕೆಂಪಾಗಿಸಿಕೊಂಡು ಕೆಮ್ಮಿದರು. ಕೆಮ್ಮು ನಿಂತಾಗ ಕೈಯಲ್ಲಿದ್ದ ಪೇಪರನ್ನು ಮೆಲ್ಲಗೆ ತೊಡೆಯ ಮೇಲೆ ಹರಡಿಕೊಂಡರು. ಬೂದು ಬಣ್ಣದ ಪ್ಯಾಂಟಿನ ಮೇಲೆ ಮೊಣಕಾಲಿನವರೆಗೂ ಒದ್ದೆ ಇಳಿದಿತ್ತು.

"ಇದಕ್ಕೆ ಕಣಯ್ಯ," ಎಂದರು. "ಧಾರೆ ಅಂದ್ರೆ ಬಿಳಿ ಪಂಚೆ. ಎರಡು ಮನೆಯವರೂ ಎದುರಿಗೆ. ಹೋಮದ ಹೊಗೆ ನನ್ನ ಎದೆಗೆ ಆಗಲ್ಲ. ಒಂದು ಸಲ ಕೆಮ್ಮಿದ್ರೆ ಮುಗೀತು. ಮಗಳ ಕೈ ಹಿಡಿದುಕೊಂಡು ಹೀಗಾದ್ರೆ ಅವಳು ಜನ್ಮಪೂರ್ತಿ ಅದನ್ನ ನೆನೆಸಿಕೋಬೇಕಾ?"

ನನ್ನ ರೈಲು ಬಂತು, ಹೋಯಿತು. ನಾನು ಚೀಲದಿಂದ ನನ್ನ ಪಂಚೆ ತೆಗೆದುಕೊಟ್ಟೆ. ಅವರು ಪ್ಯಾಂಟಿನ ಮೇಲೆಯೇ ಅದನ್ನು ಸುತ್ತಿಕೊಂಡರು. ಆ ಊರಿನಲ್ಲಿ ಪಂಚೆ ಉಟ್ಟವನನ್ನು ಯಾರೂ ತಿರುಗಿ ನೋಡುವುದಿಲ್ಲ, ಅದೊಂದು ಪುಣ್ಯ.

ಮರುದಿನ ಇಬ್ಬರೂ ಉಳ್ಳೂರಿನ ಹತ್ತಿರ ಶ್ವಾಸಕೋಶದ ಡಾಕ್ಟರಮ್ಮನ ಬಳಿಗೆ ಹೋದೆವು. ಹಳೆಯ ಸಿಗರೇಟಿನ ಕೆಮ್ಮಿಗೆ ಭಾವನವರು ಮೊದಲಿಂದಲೂ ತೋರಿಸಿಕೊಳ್ಳುತ್ತಿದ್ದುದು ಅವರಿಗೇ. ಆದರೆ ಅವರ ಮುಂದೆ ಮೂತ್ರದ ಮಾತು ಎತ್ತಿರಲಿಲ್ಲ. ಆಪರೇಷನ್ ಮಾಡಿದ ಡಾಕ್ಟರ ಮುಂದೆ ಕೆಮ್ಮಿನ ಮಾತು ಎತ್ತಿರಲಿಲ್ಲ. ದೊಡ್ಡ ವಿಜ್ಞಾನಿ, ತಮ್ಮ ಒಂದೇ ಮೈಯನ್ನು ಎರಡು ಇಲಾಖೆಗಳಾಗಿ ಹಂಚಿದ್ದರು. ಇನ್ಹೇಲರ್ ಒತ್ತಿ ತೋರಿಸಿ ಎಂದಾಗ ಔಷಧವೆಲ್ಲ ನಾಲಿಗೆಯ ಮೇಲೇ ಉಳಿಯುತ್ತಿದೆ ಎನ್ನುವುದೂ ಬಯಲಾಯಿತು. ನೀರು ಕಡಿಮೆ ಮಾಡಿದರೆ ಕಫ ಗಟ್ಟಿಯಾಗುತ್ತದೆ, ಮೂತ್ರಕೋಶವೂ ಕೆರಳುತ್ತದೆ ಎಂದು ಡಾಕ್ಟರಮ್ಮ ಬೈದರು. ಅಲ್ಲಿಂದ ಫಿಸಿಯೋಥೆರಪಿಯವರ ಹತ್ತಿರ ಕಳಿಸಿದರು. ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ. ಕೆಮ್ಮು ಬರುತ್ತದೆ ಅನ್ನಿಸಿದಾಗ ಮೊದಲು ಅವನ್ನು ಬಿಗಿಹಿಡಿದು, ಆಮೇಲೆ ಕೆಮ್ಮುವುದು. ಕೇಳಲು ಸುಲಭ. ಮದುವೆಗೆ ಉಳಿದಿದ್ದ ತಿಂಗಳುಗಳೆಲ್ಲ ಅದಕ್ಕೇ ಹೋದವು, ಪೂರ್ತಿ ಗುಣವೂ ಆಗಲಿಲ್ಲ. ಒಳಗೊಂದು ಪ್ಯಾಡ್ ಇರಲೇಬೇಕಾಯಿತು.

ಅದಕ್ಕಿಂತ ಕಷ್ಟದ್ದು ಶಾಲಿನಿಗೆ ಹೇಳುವುದು. ನಾನು ಹೇಳುತ್ತೇನೆ ಅಂದೆ, ಅಕ್ಕ ತಾನು ಹೇಳುತ್ತೇನೆ ಅಂದಳು. ಭಾವನವರು ತಾವೇ ಹೇಳಿದರು, ಮಲಯಾಳದಲ್ಲಿ. ಮನೆಯಲ್ಲಿ ಮಗಳ ಜೊತೆ ಒಂದು ದಿನವೂ ಕನ್ನಡ ಬಿಡದ ಮನುಷ್ಯ!

"ಕನ್ನಡದಲ್ಲಿ ಬಾಯಿಗೆ ಬರಲಿಲ್ಲ ಕಣೋ," ಎಂದರು ಆಮೇಲೆ. "ಮಲಯಾಳದಲ್ಲಿ ಹೇಳಿದ್ರೆ ಬೇರೆ ಯಾರದೋ ಉಚ್ಚೆ ಅನ್ನಿಸ್ತು."

ಶಾಲಿನಿ ಅಪ್ಪನನ್ನು ತಬ್ಬಿಕೊಂಡು, ಅಚ್ಚಗನ್ನಡದಲ್ಲಿ, "ಇಷ್ಟಕ್ಕಾ ಅಪ್ಪ ನನ್ನ ಅಳಿಸಿದ್ದು?" ಎಂದಳಂತೆ.

ಮದುವೆಯ ದಿನ ಭಾವನವರು ಬಿಳಿ ಪಂಚೆಯುಟ್ಟು ಕೂತರು. ಪುರೋಹಿತರಿಗೆ ಹೇಳಿ ಹೋಮವನ್ನು ಚಿಕ್ಕದು ಮಾಡಿಸಿದ್ದೆವು. ಆದರೂ ಮಧ್ಯದಲ್ಲಿ ಅವರು ಕೈ ಎತ್ತಿದರು. ಮಂತ್ರ ನಿಂತಿತು, ವಾದ್ಯದವರೂ ನಿಂತರು. ಇಡೀ ಸಭೆ ಕಾಯುತ್ತ ಕೂತಿತು. ಭಾವನವರು ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ಕೆಮ್ಮಿದರು. ಮಗಳ ಕಡೆ ತಿರುಗಿ ತಲೆ ಆಡಿಸಿ, "ಮುಂದುವರಿಸಿ ಭಟ್ಟರೇ" ಎಂದರು.

ಆಮೇಲೆ ಕೆಲವು ವರ್ಷ ಇದ್ದರು, ನಗುತ್ತಲೇ ಇದ್ದರು. ಕಳೆದ ವರ್ಷ ನ್ಯುಮೋನಿಯಾ ಆಗಿ ಹೋದರು. ಅವರ ವರ್ಷಾಬ್ದಿಕಕ್ಕೆ ತಿರುವನಂತಪುರಕ್ಕೆ ಬರಬೇಕೆಂದು ಮೊನ್ನೆ ಶಾಲಿನಿ ಕರೆದಿದ್ದಾಳೆ. "ಕೆಮ್ಮು ಕಡಿಮೆಯಾದ್ರೆ ಬರ್ತೀವಮ್ಮ" ಎಂದಿದ್ದೆ.

ವಸಂತ ಲೋಟ ತಂದಿಟ್ಟು, "ಟಿಕೆಟ್ ಮಾಡಲಾ, ಬೇಡವಾ?" ಎಂದಳು.

"ಕೆಮ್ಮು ಒಂದೇ ಅಲ್ಲ ಕಣೆ," ಎಂದೆ. ಇದನ್ನು ಹೇಳಲು ನನಗೆ ಮಲಯಾಳವೂ ಅಷ್ಟು ಬರುವುದಿಲ್ಲ. "ಕೆಮ್ಮಿದಾಗ ಕೆಳಗೆ ತಡೆಯೋಕ್ಕಾಗ್ತಿಲ್ಲ. ಅದಕ್ಕೇ."

ಅವಳು ನಗಲಿಲ್ಲ, ಮರುಗಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತಳು. "ನನಗೂ ಹಾಗೇ ಆಗತ್ತೆ."

"ಯಾವಾಗಿಂದ?"

"ಎರಡನೇ ಹೆರಿಗೆ ಆದಾಗಿಂದ."

ನಮ್ಮ ಎರಡನೆಯ ಮಗನಿಗೆ ಈಗ ತಲೆ ನರೆಯುತ್ತಿದೆ.

"ಹೆಂಗಸರಿಗೆ ಇದು ಇದ್ದಿದ್ದೇ ಅಂತ ಅಮ್ಮ ಅಂದಿದ್ರು. ಸುಮ್ಮನಾದೆ."

"ಭಾವನವರದ್ದು ಅಷ್ಟೆಲ್ಲ ಆದಾಗಲಾದ್ರೂ ಹೇಳಬಾರದಿತ್ತಾ?"

"ಆಗ ಎಲ್ಲರೂ ಭಾವನವರನ್ನ ನೋಡ್ತಿದ್ರಿ," ಎಂದಳು. ದೂರಿನ ಧ್ವನಿಯಲ್ಲ, ಸುಮ್ಮನೆ ಹೇಳಿದಳು.

ಎರಡು ದಿನ ಮುಂಚೆಯೇ ಹೋಗೋಣ, ಆ ಡಾಕ್ಟರಮ್ಮನಿಗೆ ಇಬ್ಬರೂ ತೋರಿಸಿಕೊಳ್ಳೋಣ ಎಂದೆ. ಅವಳು ಫೋನು ತೆಗೆದು, ಕನ್ನಡಕ ಏರಿಸಿಕೊಂಡು ರೈಲಿನ ಸೀಟು ಹುಡುಕತೊಡಗಿದಳು. ಪ್ರತಿ ಪ್ರಯಾಣದಲ್ಲೂ ಅವಳಿಗೆ ಶೌಚಾಲಯದ ಪಕ್ಕದ ಸೀಟೇ ಆಗಬೇಕಿತ್ತು. ಆ ವಾಸನೆಗೆ ನಾನು ದಾರಿಯುದ್ದಕ್ಕೂ ಗೊಣಗುತ್ತಿದ್ದೆ.

"ಕೊನೇ ಸಾಲಲ್ಲಿ ಎರಡಿದೆ," ಎಂದು ತಲೆ ಎತ್ತಿದಳು. "ನಿಮಗೆ ಆಗತ್ತಾ?"

"ಆಗತ್ತೆ," ಎಂದೆ.