ನನ್ನ ಸಾಲಿನ ಕಡಲೆಕಾಯಿ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಕಲ್ಯಾಣದುರ್ಗದ ಹತ್ತಿರದ ನಮ್ಮ ಹೊಲದಲ್ಲಿ ಕಡಲೆಕಾಯಿ ಬಿತ್ತುವಾಗ ಅಪ್ಪ ಅಕ್ಕನಿಗೊಂದು ಸಾಲು, ನನಗೊಂದು ಸಾಲು ಬಿಟ್ಟುಕೊಡುತ್ತಿದ್ದ. ಆ ಸಾಲಿನ ಕಾಯಿ ನಮ್ಮದೇ. ಹುರಿದು ತಿನ್ನಬಹುದು, ಯಾರಿಗೂ ಕೊಡದೆ ಜಂಬ ಕೊಚ್ಚಬಹುದು. ನಾನು ಎರಡನ್ನೂ ಮಾಡುವವನು!

ಆ ವರ್ಷ ನಮ್ಮ ಕುರಿಯೊಂದು ಸತ್ತು ಆಗಷ್ಟೇ ಹುಲ್ಲು ತಿನ್ನಲು ಕಲಿತಿದ್ದ ಅದರ ಮರಿ ತಬ್ಬಲಿಯಾಯಿತು. ಮರಿಗೆ ಎದ್ದು ನಿಲ್ಲುವ ತ್ರಾಣವೂ ಇರಲಿಲ್ಲ. ಹುಲ್ಲು ಹಿಡಿದರೆ ಮುಖ ತಿರುಗಿಸುತ್ತಿತ್ತು.

"ಅಯ್ಯೋ ಪಾಪಂ, ಇದು ಉಳಿಯಾಕಿಲ್ಲ ಕಣ್ಲಾ" ಎಂದಳು ಅಕ್ಕ.

ನಾನು ಓಡಿಹೋಗಿ ನನ್ನ ಸಾಲಿನಿಂದ ಒಂದು ಹಿಡಿ ಎಲೆ ತಂದು ಅದರ ಬಾಯಿಗೆ ಹಿಡಿದೆ. ಮರಿ ಮೆಲ್ಲಗೆ ಮೂಸಿತು, ತಿಂದೇಬಿಟ್ಟಿತು! ಅಂದಿನಿಂದ ದಿನವೂ ಎಲೆ ತರಿದು ತಂದೆ. ಕಾಯಿ ಇರುವುದು ಮಣ್ಣೊಳಗೆ, ಎಲೆ ಇರುವುದು ಮೇಲೆ. ಎಲೆ ಹೋದರೆ ಕಾಯಿಗೇನು ನಷ್ಟ ಎಂದು ನನ್ನ ಲೆಕ್ಕ.

ಗಿಡ ಕೀಳುವ ದಿನ ಬಂತು. ಬದುವಿನ ಮೇಲೆ ಮಡಕೆಯಲ್ಲಿ ಉಪ್ಪು ಹಾಕಿದ ಹಸಿಕಾಯಿ ಬೇಯುತ್ತಿತ್ತು, ಹೊಲವೆಲ್ಲ ಘಮಘಮ. ಅಕ್ಕ ಕಿತ್ತ ಗಿಡದಲ್ಲಿ ಗೊಂಚಲು ಗೊಂಚಲು ಕಾಯಿ. ನಾನು ಕಿತ್ತರೆ ಸುಕ್ಕು ಹಿಡಿದ ನಾಲ್ಕಾರು ಕಾಯಿ. ಒಡೆದರೆ ಬರೀ ಜೊಳ್ಳು. ಅಲ್ಲೇ ಕುಳಿತು ಗೋಳೋ ಎಂದು ಅತ್ತೆ.

ಶಾಲೆಯಲ್ಲಿ ಓದುತ್ತಿದ್ದ ಅಕ್ಕ ನಕ್ಕಳು. "ಲೇ ಪೆದ್ದ, ಎಲೆ ಬಿಸಿಲು ಹಿಡ್ದು ಅಡ್ಗೆ ಮಾಡಿ ಕೆಳಗಿನ ಕಾಯಿಗೆ ಕಳಿಸ್ತೈತೆ ಅಂತ ನಮ್ ಮೇಷ್ಟ್ರು ಹೇಳವ್ರೆ. ನೀನು ಎಲೆನೇ ಕಿತ್ಬುಟ್ರೆ ಕಾಯಿ ಏನ್ ತಿನ್ಬೇಕು?"

"ಹಂಗಾದ್ರೆ ನನ್ ಸಾಲಿನ ಬಿಸಿಲೆಲ್ಲ ಎಲ್ಲಿಗೋಯ್ತು?" ಎಂದು ಇನ್ನೂ ಜೋರಾಗಿ ಅತ್ತೆ.

ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಜಾಲಿ ಮರದ ಕಡೆ ಕೈ ತೋರಿಸಿದ. ನಮ್ಮ ಮರಿ ಅಲ್ಲಿ ಟಣ್ಣನೆ ನೆಗೆಯುತ್ತ ಆಡಿಕೊಂಡಿತ್ತು.

"ಅಗೋ, ನಿನ್ ಬಿಸಿಲು ಅಲ್ಲಿ ಕುಣೀತೈತೆ ನೋಡ್ಲಾ."

ಅಳು ನಿಂತುಹೋಯಿತು. ಅಕ್ಕ ತನ್ನ ಕಾಯಲ್ಲಿ ಅರ್ಧ ನನ್ನ ಮುಂದೆ ಸುರಿದಳು. ಎಂಥ ಒಳ್ಳೆಯ ಅಕ್ಕ ನನ್ನವಳು!

ಮೊಮ್ಮಕ್ಕಳೇ, ನಾವೀಗ ಇರುವ ಈ ಹಿಂದೂಪುರದ ಮನೆಗೆ ಕಡಲೆಕಾಯಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಮಣ್ಣು ಅಂಟಿರುವುದಿಲ್ಲ. ಎಲೆಯ ಈ ಅಡುಗೆಗೆ ದ್ಯುತಿಸಂಶ್ಲೇಷಣೆ ಎಂದು ನೀವು ಪಟಪಟ ಹೇಳುತ್ತೀರಿ, ನನಗೆ ನಾಲಿಗೆ ತೊಡರುತ್ತದೆ. ಆದರೆ ಬೆಳಿಗ್ಗೆ ತಿಂಡಿ ತಿಂದು ನೀವು ಸ್ಕೂಲ್ ಬಸ್ಸಿಗೆ ಓಡುವುದನ್ನು ನೋಡುವಾಗ, ನಿಮಗಾಗಿ ಯಾವುದೋ ಹೊಲದಲ್ಲಿ ದಿನವಿಡೀ ಬಿಸಿಲಿಗೆ ನಿಂತ ಎಲೆಗಳಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಆಮೇಲೆಯೇ ನಾನು ತುತ್ತು ಎತ್ತುವುದು.