ಬಾಣಂತಿಗೆಂದು ಬಿತ್ತಿದ ಸಬ್ಬಸಿಗೆ

ಗೊರೂರಿನಲ್ಲಿ ಇನ್ನೂ ಅಣೆಕಟ್ಟು ಏಳದಿದ್ದ ಕಾಲ. ಆಗೆಲ್ಲ ಸೊಪ್ಪು ಕೊಂಡು ತರುವ ಪದಾರ್ಥವೇ ಅಲ್ಲ. ಅರಕಲಗೂಡಿನ ಸಂತೆಗೆ ಹೋದವರು ಉಪ್ಪು, ಬೆಲ್ಲ, ಮೆಣಸಿನಕಾಯಿ ತರುತ್ತಿದ್ದರು. ಸೊಪ್ಪು ಹೊತ್ತು ತಂದರೆ ಊರೇ ನಗುತ್ತಿತ್ತು. ಸೊಪ್ಪು ಹಿತ್ತಿಲದ್ದು. ನಮ್ಮಲ್ಲಿ ಇಲ್ಲವೆಂದರೆ ಪಕ್ಕದ ಮನೆಯ ಹಿತ್ತಿಲದ್ದು. ಅಲ್ಲೂ ಇಲ್ಲವೆಂದರೆ ಆ ದಿನ ಹುರುಳಿಕಾಳಿನ ಸಾರು, ಅಷ್ಟೇ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯುವುದು ನಿಧಾನ. ಆದರೂ ಆ ಬೇಸಿಗೆಯ ಸಂಗತಿ ಬರೆಯದೆ ಇರಲಾರೆ. ನೆನೆದರೆ ಈಗಲೂ ನಗು ಉಕ್ಕುತ್ತದೆ.

ನಮ್ಮ ಜಯಕ್ಕ ಚೊಚ್ಚಲ ಹೆರಿಗೆಗೆ ಚನ್ನರಾಯಪಟ್ಟಣದ ಕಡೆಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಅಜ್ಜಿ ಅಟ್ಟದಿಂದ ಸೋರೆಬುರುಡೆ ಇಳಿಸಿ ಸಬ್ಬಸಿಗೆ ಬೀಜವನ್ನು ನನ್ನ ಮಡಿಲಿಗೆ ಸುರಿದಳು.

"ಬಾಣಂತಿ ಎದೇಲಿ ಆಲು ಇಳೀಬೇಕು ಅಂದ್ರೆ ಸಬ್ಸಿಗೆ ಸೊಪ್ಪೇ ಆಗ್ಬೇಕು ಕಣಮ್ಮಿ. ಈ ಸಲದ ಮಡಿ ನಿಂದು. ನೀನೇ ಬಿತ್ತು, ನೀನೇ ನೀರು ಉಯ್ಯಿ."

ನೀರು ನೀನೇ ಹುಯ್ಯಿ ಎಂದಳಲ್ಲ, ಅಲ್ಲೇ ನನ್ನ ಬುದ್ಧಿ ಓಡಿದ್ದು. ಬಾವಿ ದೂರ, ಕೊಡ ಭಾರ. ಬಚ್ಚಲ ಗೋಡೆಯ ಹೊರಗೆ, ನೀರು ಬಂದು ಬೀಳುವ ಕಂಡಿಯ ಮುಂದೆಯೇ ಮಡಿ ಕಟ್ಟಿದೆ. ಮನೆಯವರೆಲ್ಲ ಮುಖ ತೊಳೆದ ನೀರು, ಕಾಲು ತೊಳೆದ ನೀರು ತಾನಾಗಿ ಹರಿದು ಬರುತ್ತಿತ್ತು.

"ಆಹಾಹಾ, ಸೋಮಾರಿಗಳ ತಲೆ ನೋಡು!" ಎಂದು ಅವ್ವ ನಕ್ಕಳು.

ಬೀಜಕ್ಕೆ ಮರಳು ಬೆರೆಸಿ ಚೆಲ್ಲಿದೆ. ಕೋಳಿ ಕೆದರದಂತೆ ಸುತ್ತ ಜಾಲಿಮುಳ್ಳು ಇಟ್ಟೆ. ಸಸಿ ಹಸಿರು ಕೂದಲಿನಂತೆ ಎದ್ದಿತು. ಬಿಸಿಲೇರುವ ಮೊದಲೇ, ಎಲೆ ತಣ್ಣಗಿರುವಾಗ, ಹುಳ ಬೀಳದಂತೆ ಒಲೆಯ ಬೂದಿ ಉದುರಿಸುತ್ತಿದ್ದೆ. ಒಂದು ಸಲ ಕೈಯಾಡಿಸಿದರೆ ಸಾಕು, ಕುಂಟೆಬಿಲ್ಲೆ ಆಡಿ ಬಂದರೂ ಬೆರಳಲ್ಲಿ ಘಮ ಹಾಗೇ ಇರುತ್ತಿತ್ತು.

ಅಕ್ಕನಿಗೆ ನೋವು ಎಣಿಸಿದ್ದಕ್ಕಿಂತ ಮೊದಲೇ ಬಂತು. ಗಂಡು ಮಗು, ಬೆಕ್ಕಿನ ಮರಿಯಷ್ಟು. ಅಕ್ಕನಿಗೆ ಹಾಲಿಲ್ಲ. ಮಗು ಬಾಯಿ ತೆರೆದು ತೆರೆದು ಹುಡುಕುತ್ತಿತ್ತು, ಸಿಗದೆ ಅಳುತ್ತಿತ್ತು. ಹಸುವಿನ ಹಾಲಿಗೆ ನೀರು ಬೆರೆಸಿ, ಬಟ್ಟೆಯ ಬತ್ತಿ ಅದ್ದಿ ಚೀಪಿಸಿದರೆ ಕಕ್ಕಿಬಿಡುತ್ತಿತ್ತು. ಅವ್ವ ಊರೆಲ್ಲ ಸುತ್ತಿ ಬಂದಳು. ಎಲ್ಲರ ಸಬ್ಬಸಿಗೆಯೂ ಹೂಬಿಟ್ಟು ಬೀಜಕ್ಕೆ ನಿಂತಿತ್ತು. ಎಳೆಯದು ಇದ್ದದ್ದು ನನ್ನ ಮಡಿಯೊಂದರಲ್ಲೇ, ಅದಿನ್ನೂ ಗೇಣುದ್ದವೂ ಆಗಿರಲಿಲ್ಲ.

"ಇನ್ನೊಂದೆರಡು ದಿನ ತಡ್ಕೊಳ್ಳಿ. ಈಗ ಕುಯ್ದ್ರೆ ಒಂದಿಡೀನೂ ಆಗಕಿಲ್ಲ" ಎಂದಳು ಅಜ್ಜಿ.

ಮಾರನೆಯ ದಿನ ಬಾಣಂತಿಗೆ ನೀರು ಎರೆಯಲು ಸೂಲಗಿತ್ತಿ ಕಾಳವ್ವ ಬಂದಳು. ಹಂಡೆಯಲ್ಲಿ ಬೇವಿನ ಸೊಪ್ಪು ಹಾಕಿ ಕುದಿಸಿದ್ದರು. ಬಚ್ಚಲು ತುಂಬ ಹೊಗೆ, ಹಬೆ, ಹರಳೆಣ್ಣೆಯ ವಾಸನೆ.

"ಬೆಂದೋಯ್ತೀನಿ ಕಾಳವ್ವ, ಸಾಕು!" ಎಂದು ಅಕ್ಕ ಕಿರುಚಿದಳು.

"ಬಾಣಂತಿ ಮೈ ಕಬ್ಣ ಇದ್ದಂಗೆ ಕಣವ್ವ, ಕಾಯಿಸ್ದಷ್ಟೂ ಗಟ್ಟಿ" ಎಂದು ಕಾಳವ್ವ ಚೊಂಬಿನ ಮೇಲೆ ಚೊಂಬು ಸುರಿದಳು.

ಹಿತ್ತಿಲ ಬಾಗಿಲಲ್ಲಿ ಕೂತು ನಗುತ್ತಿದ್ದ ನಾನು ಮಡಿಯ ಕಡೆ ನೋಡಿದೆ. ಕಂಡಿಯಿಂದ ಹೊಗೆಯಾಡುವ ನೀರು ದಬದಬ ಬಿದ್ದು ಸೊಪ್ಪಿಗೆ ನುಗ್ಗುತ್ತಿತ್ತು! ಆ ಮನೆಯಲ್ಲಿ ಹಿಂದಿನ ಸಲ ಬಾಣಂತಿಗೆ ನೀರು ಎರೆದದ್ದು ನಾನು ಹುಟ್ಟಿದಾಗ. ಇಂಥ ನೀರೂ ಅದೇ ಕಂಡಿಯಿಂದ ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

"ಅಜ್ಜೀ, ಸೊಪ್ಪು ಬೇಯ್ತಾ ಅದೆ!" ಎಂದು ಕೂಗಿ ಗುದ್ದಲಿಗೆ ಓಡಿದೆ. ಕಂಡಿಯ ಮುಂದೆ ಮಣ್ಣೆಳೆದು ಅಡ್ಡ ಹಾಕಿದೆ. ನೀರು ಕೊಚ್ಚಿಕೊಂಡು ಹೋಯಿತು. ಮತ್ತೆ ಎಳೆದೆ. ಕಾಲ್ಬೆರಳು ಚುರ್ರೆಂದಿತು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಂದವಳೇ ಬರಿಗೈಯಲ್ಲಿ ಜಾಲಿಮುಳ್ಳು ಎತ್ತಿ ಎಸೆದು, "ತಿಪ್ಪೆ ಕಡೀಕೆ ತಿರುಗ್ಸು!" ಎಂದಳು.

"ಏನಜ್ಜಿ ಗಲಾಟೆ?" ಎಂದು ಕಾಳವ್ವ ಒಳಗಿನಿಂದಲೇ ಕೇಳಿದಳು.

"ಚೊಂಬು ಕೆಳಗಿಕ್ಕೇ ತಾಯಿ! ನಿನ್ ಬಾಣಂತಿ ಸಾರು ಇಲ್ಲೇ ಕುದೀತಾ ಅದೆ!"

ನೀರು ತಿಪ್ಪೆಗೆ ತಿರುಗುವಷ್ಟರಲ್ಲಿ ಅರ್ಧ ಮಡಿ ಸೊರಗಿ ಮಲಗಿತ್ತು. ನಾನು ಗೋಳೋ ಎಂದು ಅತ್ತೆ. ಅಜ್ಜಿ ಬಾಗಿ ಒಂದು ಎಳೆ ಕಿತ್ತು ಮೂಸಿದಳು.

"ಅಳಬ್ಯಾಡ. ಮಲಗಿರಾದನ್ನ ಈಗ್ಲೇ ಕುಯ್ಯಿ. ಅರ್ಧ ಬೆಂದೇ ಬಂದದೆ, ಸೌದೆ ಉಳೀತು. ನಿಂತಿರಾದನ್ನ ಮಾತ್ರ ಮುಟ್ಟಬ್ಯಾಡ."

"ಮೈಲಿಗೆ ನೀರು ಬಿದ್ದಿರಾ ಸೊಪ್ಪಲ್ವ ಅತ್ತೆ?" ಎಂದು ಅವ್ವ ಹಿಂಜರಿದಳು.

"ಅವಳ ಮೈ ನೀರು, ಅವಳಿಗೇ ಸೊಪ್ಪು. ನಿಂಗ್ಯಾರು ಬಡಿಸ್ತಾರೆ? ನಾಕು ಕಿತ ತೊಳಿ, ಓಗು."

ಬಾವಿಯ ನೀರಲ್ಲಿ ಮತ್ತೆ ಮತ್ತೆ ತೊಳೆದು, ತೊಗರಿಬೇಳೆ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಸಾರು ಮಾಡಿದರು. ಬಿಸಿ ಅನ್ನಕ್ಕೆ ತುಪ್ಪ ಬಿಟ್ಟು ಬಡಿಸಿದರು. ತಟ್ಟೆ ಬರಿದಾಗುವವರೆಗೂ ನಾನು ಅಕ್ಕನ ಎದುರು ಕೂತಿದ್ದೆ.

"ಅದೇನೇ ಅಂಗೆ ನೋಡ್ತೀಯ? ದೃಷ್ಟಿ ಆದಾತು, ಏಳೇ!" ಎಂದು ಅಕ್ಕ ಬೈದಳು.

ಉಳಿದ ಅರ್ಧ ಮಡಿಯಲ್ಲಿ ಆಮೇಲೆ ದಿನವೂ ಬುಡ ಅಲುಗದಂತೆ ತುದಿ ಚಿವುಟಿದೆ. ಚಿವುಟಿದಲ್ಲೆಲ್ಲ ಕವಲೊಡೆಯಿತು. ಸೊಪ್ಪಿನಿಂದಲೋ, ಕಾಳವ್ವನ ನೀರಿನಿಂದಲೋ ದೇವರೇ ಬಲ್ಲ, ಕೆಲವೇ ದಿನಗಳಲ್ಲಿ ಅಕ್ಕನ ರವಿಕೆ ಒದ್ದೆಯಾಯಿತು. ಒಂದು ಮಧ್ಯಾಹ್ನ ಮಗು ಗಟಗಟ ಕುಡಿದು, ತುಟಿಯಂಚಿಗೆ ಹಾಲು ಸುರಿಸಿಕೊಂಡು, ಅಳದೆ ಮಲಗಿತು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಅವ್ವ ಹೆದರಿ ಅದರ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು.

ಹೋದ ತಿಂಗಳು ನನ್ನ ಮೊಮ್ಮಗಳಿಗೆ ಎರಡನೆಯ ಹೆರಿಗೆಯಾಯಿತು. ಬೆಣ್ಣೆಯಂಥ ಹೆಣ್ಣು ಕೂಸು, ನನ್ನ ಸಂತೋಷ ಹೇಳತೀರದು! ಹಾಸನದ ಆಸ್ಪತ್ರೆಯಿಂದ ಬರುವಾಗಲೇ ಅವಳ ಗಂಡ ಸಬ್ಬಸಿಗೆಯ ನಾಲ್ಕು ಕಟ್ಟು ತಂದಿದ್ದ. ಹಾಲು ಸಾಲದಿದ್ದರೆ ಇರಲಿ ಎಂದು ಪುಡಿಯ ಡಬ್ಬಿಯೂ ಬಂದಿತ್ತು. ಮಗು ಒಂದು ಹೊತ್ತೂ ಹಸಿದು ಅಳಲಿಲ್ಲ. ಒಳ್ಳೆಯದೇ ಆಯಿತು, ಹಸಿದ ಕೂಸಿನ ಅಳು ಎಂಥದೆಂದು ನನಗೆ ಗೊತ್ತು.

ಆದರೆ ಮೊಮ್ಮಗಳ ಮೊದಲ ಮಗಳು, ಈಗ ಶಾಲೆಗೆ ಹೋಗುವವಳು, ತೊಟ್ಟಿಲನ್ನು ಸುತ್ತಿ ಸುತ್ತಿ ನನ್ನ ಹತ್ತಿರ ಬಂದಳು.

"ಮುತ್ತಜ್ಜಿ, ಪಾಪುಗೆ ನಾನೇನು ಮಾಡ್ಲಿ?"

ಮನೆಯಲ್ಲೆಲ್ಲ ಕಣ್ಣಾಡಿಸಿದೆ. ಅವಳ ಕೈಗೆ ಕೊಡುವಂಥ ಕೆಲಸ ಒಂದೂ ಸಿಗಲಿಲ್ಲ.