ಇಳಿಜಾರು ತೆಗೆದ ಶೀಲಕ್ಕ

ರಬ್ಬರ್ ತೋಟದ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ನೆಲ್ಯಾಡಿಯ ಫುಟ್‌ಬಾಲ್ ಮೈದಾನದಲ್ಲಿ ಶೀಲಾವತಿ ಸೀರೆ ಎತ್ತಿಕಟ್ಟಿ, ತಲೆಗೆ ಬೈರಾಸು ಸುತ್ತಿ, ತೂತು ಕೊರೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತಾ ಹಿಂದಕ್ಕೆ ನಡೆಯುತ್ತಿದ್ದಾರೆ. ಸಂಜೆ ಇಲ್ಲಿ ಮೂರೂರಿನ ಲೀಗ್‌ನ ಫೈನಲ್. ಹೆದ್ದಾರಿ ಬದಿಯ ಹೋಟೆಲಿನಲ್ಲಿ ಚಾ ಕುಡಿಯುವವರಿಗೂ ಬೇರೆ ಮಾತಿಲ್ಲ.

"ಆಡುದು ಅವರು, ಎದೆ ಢವಢವ ಅನ್ನುದು ನಂದು" ಎಂದು ನಗುತ್ತಾರೆ ಶೀಲಕ್ಕ.

ಸಂಬಳ ಕೊಟ್ಟು ಆಟಗಾರರನ್ನು ಆಡಿಸುವ ಈ ವೃತ್ತಿಪರ ಲೀಗ್‌ಗೆ ಒಂದು ಕಟ್ಟಳೆ ಇದೆ. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡದ ಊರಿನಲ್ಲೇ ಫೈನಲ್. ಯಾವ ಬದಿಯಿಂದ ಆಟ ಶುರು ಮಾಡುವುದೆಂದು ಆರಿಸುವ ಹಕ್ಕೂ ಅವರದೇ. ಹಳೆಯ ಕಪ್‌ಗಳೆಲ್ಲ ಹೆಚ್ಚುಕಡಿಮೆ ಹೀಗೇ ತೀರ್ಮಾನವಾದವು. ಸುಳ್ಯ ಮೊದಲು ಬಂದ ವರ್ಷ ಅಲ್ಲಿನ ಮರಳು ಮೈದಾನದಲ್ಲಿ ಪುತ್ತೂರಿನವರ ಕಾಲು ಹೂತುಹೋಯಿತು. ಪುತ್ತೂರು ಮೊದಲು ಬಂದಾಗ ಗೆರೆಗೆ ಅಂಟಿ ನಿಂತ ಜನರ ಬೊಬ್ಬೆಗೆ ನೆಲ್ಯಾಡಿಯ ಗೋಲ್‌ಕೀಪರ್ ಕಂಗಾಲಾದ. ನೆಲ್ಯಾಡಿಗೆ ಮರಳೂ ಬೇಕಿರಲಿಲ್ಲ, ಬೊಬ್ಬೆಯೂ ಬೇಕಿರಲಿಲ್ಲ. ಕಳೆದ ವರ್ಷದವರೆಗೆ ಇಲ್ಲಿನ ಮೈದಾನವೇ ರಬ್ಬರ್ ತೋಟದ ಕಡೆಗೆ ಇಳಿಜಾರಾಗಿತ್ತು. ಕಾಲಲ್ಲಿ ಕಸುವಿರುವ ಮೊದಲರ್ಧದಲ್ಲಿ ಊರಿನ ಹುಡುಗರು ಏರು ಹತ್ತಿ ಆಡುತ್ತಿದ್ದರು. ವಿರಾಮದ ಬಳಿಕ ಬದಿ ಬದಲಾಗಿ, ದಣಿದ ಎದುರಾಳಿಗೆ ಏರು, ಇವರಿಗೆ ಇಳಿಜಾರು. ಎರಡು ಕಪ್ ಬಂದದ್ದು ಹಾಗೆಯೇ.

ಶೀಲಾವತಿ ಸುಳ್ಯ ಕಡೆಯ ಅರೆಭಾಷೆ ಮಾತಾಡುವ ಮನೆಯ ಮಗಳು. ಮೈದಾನ ನೋಡಿಕೊಳ್ಳುತ್ತಿದ್ದ ಗಂಡ ದುಗ್ಗಪ್ಪ ಸೊಂಟನೋವಿನಿಂದ ಕೂತ ಮೇಲೆ ಹಾರೆ ಇವರ ಕೈಗೆ ಬಂತು. ಹುಲ್ಲು ಕೊಚ್ಚುವುದು, ಕಲ್ಲು ಹೆಕ್ಕುವುದು, ರೋಲರ್ ಎಳೆಯುವುದು ಎಲ್ಲ ಒಬ್ಬರೇ. ಹೆಂಗಸು ಗೆರೆ ಹಾಕುವುದೇ ಎಂದು ಮೂಗು ಮುರಿದವರೂ ಇದ್ದರು. "ಹಾಕಿದ್ದು ಹೆಂಗಸಾ ಗಂಡಸಾ ಅಂತ ಗೆರೆಗೆ ಎಂತ ಗೊತ್ತು?" ಎನ್ನುತ್ತಾರೆ.

ಕಳೆದ ವರ್ಷದ ಫೈನಲ್ ಮುಗಿದಾಗ ಸೋತ ಸುಳ್ಯ ತಂಡದ ನಾಯಕ ಮುನವ್ವರ್ ಬೂಟು ಬಿಚ್ಚುತ್ತಾ ಒಂದು ಮಾತು ಹೇಳಿದ: "ನಮ್ಮನ್ನು ಸೋಲಿಸಿದ್ದು ನಿಮ್ಮ ಹುಡುಗರಲ್ಲ ಶೀಲಕ್ಕ, ಈ ಗುಡ್ಡೆ."

ಆ ಮಾತು ಅವರಿಗೆ ಮುಳ್ಳಿನಂತೆ ಚುಚ್ಚಿತು. "ನಮ್ಮ ನಾಯಕ ಮೋಕ್ಷಿತ್ ಓಡುದು ನೋಡಿದ್ದೀರಾ? ಅಂಥವನು ಗೆದ್ದರೂ ಗುಡ್ಡೆ ಗೆಲ್ಲಿಸಿದ್ದು ಅಂತಾರಲ್ಲ!" ಮಳೆ ನಿಂತದ್ದೇ ತಡ, ಮೇಲಿನ ಬದಿಯ ಮಣ್ಣು ಕಡಿದು, ಬುಟ್ಟಿಯಲ್ಲಿ ಹೊತ್ತು ಕೆಳಗಿನ ಬದಿಗೆ ಸುರಿಯತೊಡಗಿದರು. ತಿಂಗಳುಗಟ್ಟಲೆ ಅದೇ ಕೆಲಸ. ಸಮಿತಿಯ ಅಧ್ಯಕ್ಷ ಜಯಪ್ರಕಾಶ್ ಒಪ್ಪಿದ್ದು ಅರೆಮನಸ್ಸಿನಿಂದ. "ಆಯ್ತು ಶೀಲಕ್ಕ, ಆದ್ರೆ ಫೈನಲ್ ಸೋತ್ರೆ ಮೈದಾನ ಬೇರೆಯವರು ನೋಡ್ತಾರೆ" ಎಂದುಬಿಟ್ಟರು.

ಈ ಸಲವೂ ನೆಲ್ಯಾಡಿಯೇ ಮೊದಲು, ಎದುರಿಗೆ ಮತ್ತೆ ಸುಳ್ಯ. ಶೀಲಕ್ಕ ತಾಯಿಮನೆಯವರಿಗೆ ಕಪ್ ಕೊಡಿಸಲು ಹೊರಟಿದ್ದಾರೆ ಎಂದು ಊರೆಲ್ಲ ಗುಸುಗುಸು. ಮೋಕ್ಷಿತ್ ಕೂಡ ವಾರದಿಂದ ಮುಖ ಊದಿಸಿಕೊಂಡೇ ತಿರುಗುತ್ತಿದ್ದಾನೆ. ಶೀಲಕ್ಕನಿಗೆ ಅದರ ಬೇಸರ ಇದ್ದೇ ಇದೆ. "ಸೋತ್ರೆ ಈ ಅಂಗಳ ಬಿಡುದು ಕಷ್ಟವೇ. ಆದ್ರೆ ಅವರು ಸೋಲುದಿಲ್ಲ" ಎನ್ನುತ್ತಾರೆ.

ಕೊನೆಯ ಗೆರೆ ಮುಗಿಯುವಷ್ಟರಲ್ಲಿ ಬೈಕಿನ ಸದ್ದು. ಮುನವ್ವರ್ ಮೈದಾನ ನೋಡಲು ಬೆಳಗ್ಗೆಯೇ ಬಂದಿದ್ದಾನೆ. ನಡುವೆ ಚೆಂಡಿಟ್ಟು, ಕೈಬಿಟ್ಟು, ತೋಟದ ಕಡೆ ನೋಡುತ್ತಾ ಕಾಯುತ್ತಾನೆ. ಚೆಂಡು ಅಲ್ಲಾಡುವುದಿಲ್ಲ. ಇನ್ನೊಂದು ಕಡೆ ಇಟ್ಟು ನೋಡುತ್ತಾನೆ. ಅಲ್ಲೂ ಇಲ್ಲ.

"ಎಂತ ಶೀಲಕ್ಕ, ಇದು ಹೋಗುದೇ ಇಲ್ಲವಲ್ಲ?"

ಶೀಲಕ್ಕ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಹೆಮ್ಮೆಯನ್ನು ಮುಚ್ಚಿಡಲು ಅವರಿಂದ ಆಗುವುದಿಲ್ಲ.

"ಇನ್ನು ಅದು ತಾನಾಗಿ ಹೋಗುದಿಲ್ಲ ಮಾರಾಯ, ಒದೀಬೇಕು. ಸಂಜೆ ನಮ್ಮ ಮೋಕ್ಷಿತ್ ಒದೆಯುದು ನೋಡು."